ದುಡ್ಡು ನಡೆಯದ ಸಂತೆಯಲ್ಲಿ ಬೇಸ್‌ಬಾಲ್ ಬಿಲ್ಲೆ

ವ್ಯಾಪಾರಸ್ಥ ಬಾಂಧವರಿಗೆ ಒಂದು ಪ್ರಶ್ನೆ. ಗಿರಾಕಿ ನಿಮ್ಮ ಅಂಗಡಿ ಮುಂದೆ ನಿಂತಿದ್ದಾನೆ. ಅವನ ಕೈಯಲ್ಲಿ ಗರಿಗರಿ ನೋಟು ಇದೆ. ಅವನು ಕೇಳಿದ ಸಾಮಾನು ನಿಮ್ಮ ಕಪಾಟಿನಲ್ಲೇ ಇದೆ. ಹೀಗಿದ್ದೂ ನೀವು, 'ದುಡ್ಡು ಒಳಗೆ ಇಟ್ಕೊಳ್ಳಿ ಸ್ವಾಮಿ, ಬದಲಿಗೆ ಕೊಡೋಕೆ ನಿಮ್ಮ ಹತ್ರ ಸಾಮಾನು ಏನಿದೆ ತೋರಿಸಿ' ಅಂತ ಅಂದೀರಾ? ಖಂಡಿತ ಅನ್ನೋದಿಲ್ಲ. ಅಂದರೆ ಸಂಜೆಯೊಳಗೆ ಮನೆಯವರು ನಿಮ್ಮನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ!

ಆದರೆ ಹೀಗೆ ಅನ್ನುವ ವ್ಯಾಪಾರಿಗಳೇ ತುಂಬಿರುವ ಸಂತೆ ಒಂದಿದೆ. ಅದು ಇರೋದು ಅಮೆರಿಕದಲ್ಲಿ. ಡಾಲರಿನ ತವರುಮನೆಯಲ್ಲೇ ಡಾಲರಿಗೆ ಮರ್ಯಾದೆ ಇಲ್ಲದ ಸಂತೆ! ಅಲ್ಲಿನ ವ್ಯಾಪಾರಿಗಳಲ್ಲಿ ಮುಕ್ಕಾಲುಪಾಲು ಮೀಸೆ ಮೂಡದ ಹುಡುಗರು. ಸರಕು ಅಂದರೆ ಟೋಪಿಗೋ ಅಂಗಿಗೋ ಚುಚ್ಚಿಕೊಳ್ಳುವ ಬಣ್ಣದ ಬಿಲ್ಲೆ. ಇಂಗ್ಲಿಷಿನವರು ಅದಕ್ಕೆ ಪಿನ್ನು ಅಂತಾರೆ.

ದಿನಾ ನಮ್ಮ ಪೇಟೆ ಬೀದಿ, ಬಸ್ ಸ್ಟ್ಯಾಂಡು, ಪುರಸಭೆಯ ನಲ್ಲಿ ಅಂತ ಬರೆಯುವ ಈ ಅಂಕಣ ಇವತ್ತು ಸಮುದ್ರ ದಾಟಿ ಯಾಕೆ ಹೋಯಿತು ಅಂತೀರಾ? ಸಂತೆ ಎಲ್ಲಿದ್ದರೂ ಸಂತೆಯೇ. ಅಲ್ಲಿ ಚೌಕಾಸಿ ಉಂಟು, ನಂಬಿಕೆ ಉಂಟು, ಟೋಪಿ ಹಾಕುವವರೂ ಉಂಟು. ಹುಡುಗರ ಈ ಸಂತೆಯಲ್ಲಿ ನಾವು ತಿಳಿಯಬೇಕಾದ ಒಂದೆರಡು ಮಾತುಗಳಿವೆ. ಬಸ್ಸು ಬರುವವರೆಗೆ ಓದಿ ನೋಡಿ.

ಇದು ಯಾವ ಬಿಲ್ಲೆ?

ಬಿಲ್ಲೆ ನಮಗೇನೂ ಹೊಸದಲ್ಲ. ರೈಲ್ವೆ ಸ್ಟೇಷನ್ನಿನ ಕೂಲಿಯ ತೋಳಿನಲ್ಲಿ ಹಿತ್ತಾಳೆ ಬಿಲ್ಲೆ ನೋಡಿದ್ದೇವೆ. ಜವಾನನ ಡವಾಲಿಯ ಬಿಲ್ಲೆ ನೋಡಿದ್ದೇವೆ. ನವೆಂಬರ್ ಒಂದರಂದು ಹಳದಿ-ಕೆಂಪು ಬಾವುಟದ ಬಿಲ್ಲೆಯನ್ನು ನಾವೇ ಜೇಬಿಗೆ ಚುಚ್ಚಿಕೊಳ್ಳುತ್ತೇವೆ. ಅಮೆರಿಕದ ಈ ಬಿಲ್ಲೆಯೂ ಅದೇ ಜಾತಿಯದು. ಅಗಲ ಎರಡು ಬೆರಳು. ಮುಂದೆ ತಂಡದ ಹೆಸರು, ವರ್ಷ, ಒಂದು ಚಿತ್ರ. ಹಿಂದೆ ಮೊಳೆಯಂಥ ಸೂಜಿ, ಅದಕ್ಕೆ ಚಿಟ್ಟೆ ಆಕಾರದ ಪುಟ್ಟ ಹಿಡಿಕೆ.

ತಂಡ ಅಂದೆನಲ್ಲ, ಅದು ಬೇಸ್‌ಬಾಲ್ ತಂಡ. ಬೇಸ್‌ಬಾಲ್ ಅಂದರೆ ನಮ್ಮ ಕ್ರಿಕೆಟ್ಟಿನ ದೂರದ ದಾಯಾದಿ ಅಂತ ಇಟ್ಟುಕೊಳ್ಳಿ. ಒಬ್ಬ ಎಸೆಯುತ್ತಾನೆ, ಇನ್ನೊಬ್ಬ ಉರುಟು ದೊಣ್ಣೆಯಲ್ಲಿ ಬಾರಿಸಿ ಓಡುತ್ತಾನೆ. ನಮ್ಮಲ್ಲಿ ಗಲ್ಲಿಗಲ್ಲಿಗೆ ಕ್ರಿಕೆಟ್ ಇರುವ ಹಾಗೆ ಅಲ್ಲಿ ಬಡಾವಣೆ ಬಡಾವಣೆಗೆ ಬೇಸ್‌ಬಾಲ್. ದೊಡ್ಡ ಪಂದ್ಯಕ್ಕೆ ಹೊರಡುವ ಹುಡುಗರ ತಂಡ ಅಂಗಿ, ಟೋಪಿಯ ಜೊತೆಗೆ ತನ್ನದೇ ಬಿಲ್ಲೆಯನ್ನೂ ಅಚ್ಚು ಹಾಕಿಸಿಕೊಂಡು ಹೊರಡುತ್ತದೆ. ತನ್ನ ಬಿಲ್ಲೆ ಕೊಟ್ಟು ಎದುರು ತಂಡದ ಬಿಲ್ಲೆ ಪಡೆಯುವುದು ವಾಡಿಕೆ. ಆಟದ ಫಲಿತಾಂಶ ಒಂದು ವಾರಕ್ಕೆ ಮರೆತುಹೋದೀತು, ಬಿಲ್ಲೆ ಮಾತ್ರ ಮನೆಯ ಗೋಡೆ ಮೇಲೆ ಉಳಿಯುತ್ತದೆ.

ಹಾಲಿನವರು, ಮರದವರು ಬೆಳೆಸಿದ ಆಟ

ಈ ಸಂತೆಯ ದೊಡ್ಡ ಜಾತ್ರೆ ನಡೆಯುವುದು ಪೆನ್ಸಿಲ್ವೇನಿಯಾ ರಾಜ್ಯದ ಸೌತ್ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ, ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ. ನದಿಯ ಆ ದಡದಲ್ಲಿ ವಿಲಿಯಮ್ಸ್‌ಪೋರ್ಟ್, ಈ ದಡದಲ್ಲಿ ಸೌತ್ ವಿಲಿಯಮ್ಸ್‌ಪೋರ್ಟ್. ಹತ್ತೊಂಬತ್ತನೇ ಶತಮಾನದಲ್ಲಿ ಮರದ ದಿಮ್ಮಿ ವ್ಯಾಪಾರಕ್ಕೆ ಹೆಸರಾಗಿದ್ದ ಊರು ಅದು. ಈಗ ಹೆಸರು ಉಳಿದಿರುವುದು ಹುಡುಗರ ಆಟದಿಂದ.

ಕಾರ್ಲ್ ಸ್ಟಾಟ್ಜ್ ಎಂಬ ಆ ಊರಿನವನೊಬ್ಬನಿಗೆ ಒಂದು ಯೋಚನೆ ಬಂತು. ದೊಡ್ಡವರಿಗೆ ಬೇಸ್‌ಬಾಲ್ ತಂಡಗಳಿವೆ, ಪುಟ್ಟ ಹುಡುಗರಿಗೆ ಯಾಕಿರಬಾರದು? ಅವರ ಅಳತೆಗೆ ಚಿಕ್ಕ ಮೈದಾನ, ಅವರ ಮೈಗೆ ಸರಿಯಾದ ಅಂಗಿ ಯಾಕೆ ಬೇಡ? ಯೋಚನೆ ಯಾರಿಗೆ ಬೇಕಾದರೂ ಬರುತ್ತದೆ, ದುಡ್ಡು ಕೊಡೋರು ಯಾರು? ಗಣಪತಿ ಚಂದಾ ಎತ್ತುವ ನಮ್ಮ ಹುಡುಗರ ಹಾಗೆ ಸ್ಟಾಟ್ಜ್ ಅಂಗಡಿಯಿಂದ ಅಂಗಡಿಗೆ ತಿರುಗಿದ. ಹತ್ತಾರು ಕಡೆ 'ಮುಂದೆ ಹೋಗಪ್ಪ' ಅನ್ನಿಸಿಕೊಂಡ. ಕೊನೆಗೆ ಒಂದು ಹಾಲಿನ ಡೈರಿ ಹೂಂ ಅಂದಿತು. ಆಮೇಲೆ ಒಂದು ಮರದ ಅಡ್ಡೆ, ಒಂದು ತಿಂಡಿ ತಯಾರಿಸುವ ಕಂಪನಿ. ಒಂದೊಂದು ತಂಡದ ಹುಡುಗರಿಗೆ ಅಂಗಿ ಹೊಲಿಸಲು ಆಗ 30 ಡಾಲರು ಸಾಕಾಯಿತು. 1939ರ ಜೂನ್ 6ರಂದು ಮೊದಲ ಪಂದ್ಯ ನಡೆಯಿತು. ಮರದವರ ತಂಡ ಹಾಲಿನವರ ತಂಡವನ್ನು 23-8ರಲ್ಲಿ ಬಡಿಯಿತು! ಇದೇ ಲಿಟಲ್ ಲೀಗ್ ಸಂಸ್ಥೆಯ ಹುಟ್ಟು.

ಚಂದಾ ಪುಸ್ತಕ ಕಂಡ ಕೂಡಲೇ ಗಲ್ಲಾಪೆಟ್ಟಿಗೆ ಮುಚ್ಚುವ ನಮ್ಮ ಕೆಲವು ಧಣಿಗಳು ಈ ಮಾತು ಗಮನಿಸಬೇಕು. ಆ ಡೈರಿಯ ಹೆಸರು ಲೈಕಮಿಂಗ್ ಡೈರಿ. ಎಂಬತ್ತು ವರ್ಷ ದಾಟಿದರೂ ಅದರ ಹೆಸರು ಇಲ್ಲಿ ನಮ್ಮ ಜಿಲ್ಲೆಯ ಪತ್ರಿಕೆಯಲ್ಲಿ ಅಚ್ಚಾಗುತ್ತಿದೆ. ಮುಂದೆ ಹೋಗಪ್ಪ ಅಂದವರ ಹೆಸರು ಯಾರಿಗೂ ನೆನಪಿಲ್ಲ.

1947ರಲ್ಲಿ ಇವರ ಮೊದಲ ದೊಡ್ಡ ಟೂರ್ನಮೆಂಟು ನಡೆಯಿತು. 1957ರಲ್ಲಿ ಮೆಕ್ಸಿಕೋದ ಮಾಂಟೆರೆ ಊರಿನ ಹುಡುಗರು ಗೆದ್ದು, ಕಪ್ಪು ಮೊದಲ ಸಲ ಅಮೆರಿಕ ದಾಟಿ ಹೋಯಿತು. 1959ರಲ್ಲಿ ಆಟ ನದಿ ದಾಟಿ ಸೌತ್ ವಿಲಿಯಮ್ಸ್‌ಪೋರ್ಟಿನ ಈಗಿನ ಮೈದಾನಕ್ಕೆ ಬಂತು. 1974ರಿಂದ ಹುಡುಗಿಯರಿಗೂ ಬಾಗಿಲು ತೆರೆಯಿತು. 2022ರಿಂದ 20 ತಂಡಗಳು ಬರುತ್ತಿವೆ, ಹತ್ತು ಅಮೆರಿಕದವು, ಹತ್ತು ಹೊರದೇಶದವು. ಹತ್ತರಿಂದ ಹನ್ನೆರಡು ವರ್ಷದವರು ಆಡುತ್ತಾರೆ. ನೋಡಲು ಟಿಕೆಟ್ಟಿಲ್ಲ, ಪುಕ್ಕಟೆ! ಲಕ್ಷಗಟ್ಟಲೆ ಜನ ಸೇರುತ್ತಾರೆ. ಮೈದಾನದ ಹಿಂದೆ ಹುಲ್ಲಿನ ದಿಬ್ಬ ಇದೆ. ಮಕ್ಕಳು ರಟ್ಟಿನ ಮೇಲೆ ಕೂತು ಅಲ್ಲಿಂದ ಜಾರುತ್ತವೆ. ಇತ್ತ ಬಿಲ್ಲೆ ಬದಲಾಯಿಸುವವರು ಮೇಜಿನ ಮೇಲೆ ಟವಲ್ಲು ಹಾಸಿ, ಅದರ ತುಂಬ ಬಿಲ್ಲೆ ಚುಚ್ಚಿಕೊಂಡು ಕೂತಿರುತ್ತಾರೆ. ನಮ್ಮ ಸಂತೆಯಲ್ಲಿ ಬಳೆಗಾರರು, ಮಣಿಸರದವರು ಕೂತ ಹಾಗೆ.

ಬಾಗಿಲ ಪಾಸು ಒಡವೆಯಾದ ಕಥೆ

ಈ ಹುಚ್ಚು ಲಿಟಲ್ ಲೀಗಿನಿಂದ ಶುರುವಾದದ್ದೇನೂ ಅಲ್ಲ. ಅದಕ್ಕಿಂತ ಹಳೆಯದು.

1896ರಲ್ಲಿ ನ್ಯೂಜೆರ್ಸಿಯ ನೆವಾರ್ಕ್ ಪಟ್ಟಣದಲ್ಲಿದ್ದ (ನಾವೆಲ್ಲ ಕೇಳಿರುವ ಮಹಾನಗರ ನ್ಯೂಯಾರ್ಕ್ ಬೇರೆ, ಇದು ಬೇರೆ) ವೈಟ್‌ಹೆಡ್ ಅಂಡ್ ಹೋಗ್ ಎಂಬ ಕಂಪನಿ ಒಂದು ಪೇಟೆಂಟ್ ಪಡೆಯಿತು. ಗುಂಡನೆಯ ತಗಡು, ಅದರ ಮೇಲೆ ಅಚ್ಚಾದ ಕಾಗದ, ಕಾಗದದ ಮೇಲೆ ಪಾರದರ್ಶಕ ಸೆಲ್ಯುಲಾಯ್ಡ್ ಹೊದಿಕೆ, ಹಿಂದೆ ಸೂಜಿ. ಖರ್ಚು ಕಡಿಮೆ, ಬಣ್ಣ ಜೋರು. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಇಂಥ ಬಿಲ್ಲೆಗಳು ಮಳೆಯ ಹಾಗೆ ಸುರಿದವು. ಓಟಿಗೆ ಉಪಯೋಗಕ್ಕೆ ಬಂದದ್ದು ವ್ಯಾಪಾರಕ್ಕೆ ಬರದೆ ಇರುತ್ತದೆಯೇ? ಸಿಗರೇಟು ಕಂಪನಿಗಳು ಬೇಸ್‌ಬಾಲ್ ಆಟಗಾರರ ಮುಖ ಅಚ್ಚು ಹಾಕಿದ ಪುಟ್ಟ ಬಿಲ್ಲೆಗಳನ್ನು ಹಂಚತೊಡಗಿದವು. 1910ರ ಸುಮಾರಿನ ಸ್ವೀಟ್ ಕ್ಯಾಪೊರಲ್ ಸಿಗರೇಟಿನ ಬಿಲ್ಲೆಗಳನ್ನು ಇವತ್ತಿಗೂ ಜನ ಹುಡುಕಿಕೊಂಡು ತಿರುಗುತ್ತಾರೆ. ಅಪ್ಪ ಸಿಗರೇಟು ಸೇದಬೇಕು, ಮಗ ಬಿಲ್ಲೆ ಕೂಡಿಡಬೇಕು. ಎಂಥಾ ಯೋಜನೆ ನೋಡಿ! ಬೆಂಕಿಪೊಟ್ಟಣದ ಚಿತ್ರಕ್ಕಾಗಿ ಬೀದಿ ಬೀದಿ ಅಲೆದ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಥೆ ನಮ್ಮ ಪತ್ರಿಕೆಯವರಿಗೇ ಸೇರಿದ್ದು. ಬೇಸ್‌ಬಾಲಿನ ದೊಡ್ಡವರ ಅಂತಿಮ ಪಂದ್ಯಾವಳಿಗೆ ವರ್ಲ್ಡ್ ಸೀರೀಸ್ ಅನ್ನುತ್ತಾರೆ. 1908ರಲ್ಲಿ ವರದಿಗಾರರಿಗೆ ಅಲ್ಲಿ ಕೂರಲು ಜಾಗವೇ ಸಿಗಲಿಲ್ಲ. ಅವರಿಗೆಂದು ಇಟ್ಟ ಜಾಗದಲ್ಲಿ ಕ್ಲಬ್ಬಿನವರ ಗೆಳೆಯರೂ ನೆಂಟರೂ ಕೂತಿದ್ದರು. ನಮ್ಮೂರ ಸಭೆಗಳಲ್ಲಿ 'ಪತ್ರಕರ್ತರಿಗೆ' ಅಂತ ಬೋರ್ಡು ಹಾಕಿದ ಕುರ್ಚಿಗಳಲ್ಲಿ ಯಾರು ಕೂತಿರುತ್ತಾರೆ ಅಂತ ಓದುಗರಿಗೆ ಗೊತ್ತಲ್ಲ, ಅದೇ ಪಾಡು! ಸಿಟ್ಟಿಗೆದ್ದ ವರದಿಗಾರರು ಆ ಅಕ್ಟೋಬರಿನಲ್ಲೇ ಸೇರಿ ತಮ್ಮದೊಂದು ಸಂಘ ಕಟ್ಟಿಕೊಂಡರು. 1911ರ ಸೀರೀಸಿನಲ್ಲಿ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ಕ್ಲಬ್ಬು ಒಂದು ಉಪಾಯ ಮಾಡಿತು. ನಿಜವಾದ ವರದಿಗಾರರಿಗೆ ಒಂದೊಂದು ಬಿಲ್ಲೆ ಕೊಟ್ಟಿತು. ಬಿಲ್ಲೆ ಇದ್ದವನು ಒಳಗೆ, ಇಲ್ಲದವನು ಹೊರಗೆ.

ಬಾಗಿಲು ಕಾಯುವವನಿಗೆ ತೋರಿಸಲು ಮಾಡಿದ ಈ ಬಿಲ್ಲೆ ಬರಬರುತ್ತಾ ಅಂದವಾಯಿತು. ಎನಾಮೆಲ್ ಬಣ್ಣ ಬಂತು, ಮೆರುಗು ಬಂತು. ಪಂದ್ಯ ಮುಗಿದ ಮೇಲೆ ವರದಿಗಾರರು ಅದನ್ನು ಹೆಂಡತಿ ಮಕ್ಕಳಿಗೆ ಕೊಟ್ಟರು. ಮೊಮ್ಮಕ್ಕಳು ಪೆಟ್ಟಿಗೆ ತೆಗೆದು ನೋಡುವ ಹೊತ್ತಿಗೆ ಅದರ ಬೆಲೆ ಸಾವಿರಾರು ಡಾಲರಿಗೆ ಏರಿತ್ತು. ಒಳಗೆ ಬಿಡುವ ಪಾಸು ಒಡವೆಯಾಗಿತ್ತು.

ಬಾರದೆ ಹೋದ ಹಬ್ಬದ ಬಿಲ್ಲೆ

ಈ ಜಾತಿಯಲ್ಲಿ ಒಂದು ವಿಚಿತ್ರ ಬಗೆ ಇದೆ. ಅದಕ್ಕೆ 'ಫ್ಯಾಂಟಮ್' ಅಂತ ಹೆಸರು. ನಾವು ದೆವ್ವದ ಬಿಲ್ಲೆ ಅನ್ನೋಣ.

ಸೀರೀಸಿಗೆ ಯಾವ ತಂಡ ಹೋಗುತ್ತದೆ ಅಂತ ಗೊತ್ತಾಗುವುದು ಕೊನೆ ಗಳಿಗೆಯಲ್ಲಿ. ಬಿಲ್ಲೆಗೆ ಮಾತ್ರ ಮೊದಲೇ ಆರ್ಡರು ಕೊಡಬೇಕು. ಹಾಗಾಗಿ ಗೆಲ್ಲುವ ಹಾಗೆ ಕಾಣುವ ತಂಡಗಳೆಲ್ಲ ಮುಂಚಿತವಾಗಿ ಮಾಡಿಸಿ ಇಟ್ಟುಕೊಳ್ಳುತ್ತಿದ್ದವು. 1964ರಲ್ಲಿ ಫಿಲಡೆಲ್ಫಿಯಾ ಫಿಲೀಸ್ ತಂಡ ತನ್ನ ಲೀಗಿನಲ್ಲಿ ಆರೂವರೆ ಪಂದ್ಯಗಳಷ್ಟು ಮುಂದಿತ್ತು. ಉಳಿದದ್ದು ಬರೀ 12 ಪಂದ್ಯ. ಊರಿಗೆ ಊರೇ ಹಬ್ಬಕ್ಕೆ ಸಿದ್ಧ. ಟಿಕೆಟ್ಟು ಅಚ್ಚಾಯಿತು, ಬಿಲ್ಲೆಯೂ ಆಯಿತು. ಆಮೇಲೆ ಏನಾಯಿತು ಗೊತ್ತೇ? ಸಾಲಾಗಿ ಹತ್ತು ಪಂದ್ಯ ಸೋಲು! ಸೇಂಟ್ ಲೂಯಿಸ್ ತಂಡ ಬಂದು ಎಲೆಯ ಮುಂದೆ ಕೂತು ಊಟ ಮಾಡಿಕೊಂಡು ಹೋಯಿತು. ಫಿಲಡೆಲ್ಫಿಯಾದವರ ಕೈಯಲ್ಲಿ ಉಳಿದದ್ದು ನಡೆಯದ ಮದುವೆಯ ಲಗ್ನಪತ್ರಿಕೆಯಂಥ ಬಿಲ್ಲೆ.

ಕೂಡಿಡುವವರು ಈಗ ಅದಕ್ಕೇ ಮುಗಿಬೀಳುತ್ತಾರೆ. ತಗಡು ಅದೇ, ಬಣ್ಣ ಅದೇ. ಹಿಂದಿರುವ ಕಥೆಗೆ ಬೆಲೆ.

ಒಂದಕ್ಕೆ ಎಷ್ಟು ಬೀಳುತ್ತೆ?

ವ್ಯಾಪಾರಸ್ಥರು ಕೇಳುವ ಮೊದಲ ಪ್ರಶ್ನೆ ಇದು, ನನಗೆ ಗೊತ್ತು. ಹೇಳಿಬಿಡ್ತೀನಿ.

ಮೊದಲು ಚಿತ್ರ ಬರೆಯುತ್ತಾರೆ. ಆ ಚಿತ್ರವನ್ನು ಉಕ್ಕಿನ ಅಚ್ಚಿನಲ್ಲಿ ಕೊರೆಯುತ್ತಾರೆ. ಹಿತ್ತಾಳೆ, ಕಬ್ಬಿಣ ಅಥವಾ ಸತುವಿನ ಮಿಶ್ರಲೋಹದ ಮೇಲೆ ಅಚ್ಚು ಒತ್ತಿದಾಗ ಗೆರೆಗಳು ಉಬ್ಬಿ ನಿಲ್ಲುತ್ತವೆ, ನಡುವೆ ತಗ್ಗು ಉಳಿಯುತ್ತದೆ. ಆ ತಗ್ಗಿಗೆ ಬಣ್ಣ ತುಂಬುತ್ತಾರೆ. ಬಣ್ಣ ತಗ್ಗಿನಲ್ಲೇ ನಿಂತರೆ ಬೆರಳಿಗೆ ಏರುಪೇರು ಸಿಗುತ್ತದೆ. ಅಂಚಿನವರೆಗೂ ತುಂಬಿ ಉಜ್ಜಿದರೆ ಕನ್ನಡಿಯ ಹಾಗೆ ನುಣ್ಣಗಾಗುತ್ತದೆ, ಖರ್ಚೂ ಏರುತ್ತದೆ. ಹಳೆಯ ಕಾಲದ ಉತ್ತಮ ಬಿಲ್ಲೆಗಳಲ್ಲಿ ಗಾಜಿನ ಪುಡಿ ತುಂಬಿ ಕುಲುಮೆಯಲ್ಲಿ ಸುಡುತ್ತಿದ್ದರು. ಈಗ ಬಹುಪಾಲು ಕೆಲಸ ನಡೆಯುವುದು ಚೀನಾದಲ್ಲಿ. ಪೆನ್ಸಿಲ್ವೇನಿಯಾದ ಹುಡುಗ ಟೆಕ್ಸಾಸಿನ ಹುಡುಗನಿಗೆ ಕೊಡುವ ಬಿಲ್ಲೆ ಇಬ್ಬರಿಗಿಂತಲೂ ಹೆಚ್ಚು ದೂರ ಪ್ರಯಾಣ ಮಾಡಿ ಬಂದಿರುತ್ತದೆ.

ನೂರಾರು ಲೆಕ್ಕದಲ್ಲಿ ಮಾಡಿಸಿದರೆ ಒಂದಕ್ಕೆ ಒಂದೆರಡು ಡಾಲರು ಬೀಳುತ್ತದೆ. ಅಲಂಕಾರ ಹೆಚ್ಚಿದಂತೆ ಬೆಲೆಯೂ ಹೆಚ್ಚು. ಚೆಂಡು ಬುಗುರಿಯ ಹಾಗೆ ತಿರುಗುವ ಬಿಲ್ಲೆ ಇದೆ. ದೊಣ್ಣೆ ಅತ್ತಿತ್ತ ಜಾರುವುದಿದೆ. ಕೆಳಗೆ ಜುಮುಕಿಯ ಹಾಗೆ ಇನ್ನೊಂದು ಚೂರು ನೇತಾಡುವುದಿದೆ. ಒಳಗೆ ಪುಟ್ಟ ದೀಪ ಮಿನುಗುವುದೂ ಇದೆ. ಇವೆಲ್ಲ ಹುಡುಗರ ಕಣ್ಣು ಕುಕ್ಕಲು ಮಾಡಿದ ಉಪಾಯಗಳು. ಆ ಕಣ್ಣಿನ ಮೇಲೆ ಜಾಹೀರಾತಿನವರಿಗೂ ಕಣ್ಣು! 1987ರಲ್ಲಿ ಲಾಸ್ ಏಂಜಲೀಸಿನ ಡಾಡ್ಜರ್ಸ್ ತಂಡದ ಕ್ರೀಡಾಂಗಣಕ್ಕೆ 25 ವರ್ಷ ತುಂಬಿದಾಗ ಒಂದು ಪೆಟ್ರೋಲ್ ಕಂಪನಿ ಅದರ ನೆನಪಿನ ಬಿಲ್ಲೆಗಳನ್ನು ಹೊರಡಿಸಿತು. ಮಗನಿಗೆ ಬಿಲ್ಲೆ ಬೇಕು ಅಂದರೆ ಅಪ್ಪ ಯಾವ ಬಂಕಿಗೆ ಕಾರು ತಿರುಗಿಸುತ್ತಾನೆ, ನೀವೇ ಹೇಳಿ.

ಹುಡುಗರ ಲೆಕ್ಕ

ಈಗ ವ್ಯಾಪಾರಕ್ಕೆ ಬರೋಣ. ನ್ಯೂಯಾರ್ಕ್ ರಾಜ್ಯದಲ್ಲಿ ಕೂಪರ್ಸ್‌ಟೌನ್ ಅಂತ ಒಂದು ಸಣ್ಣ ಊರು. ಬೇಸ್‌ಬಾಲ್ ಮಹನೀಯರ ನೆನಪಿನ ದೊಡ್ಡ ವಸ್ತುಸಂಗ್ರಹಾಲಯ 1939ರಿಂದ ಅಲ್ಲಿದೆ. ಆ ಊರಿನ ಪಕ್ಕದಲ್ಲಿ 1996ರಿಂದ ಬೇಸಿಗೆಯಲ್ಲಿ ಹನ್ನೆರಡು ವರ್ಷದವರ ಪಂದ್ಯಗಳು ನಡೆಯುತ್ತಿವೆ. ಒಂದೊಂದು ವಾರಕ್ಕೆ ನೂರಕ್ಕೂ ಹೆಚ್ಚು ತಂಡ. ಅಲ್ಲೂ ಬಿಲ್ಲೆಯ ಭರ್ಜರಿ ಸಂತೆ.

ಲೆಕ್ಕಕ್ಕೆ ನೂರು ತಂಡ, ತಂಡಕ್ಕೆ ಹನ್ನೆರಡು ಹುಡುಗರು ಅಂತ ಇಟ್ಟುಕೊಳ್ಳಿ. ಒಬ್ಬೊಬ್ಬನ ಚೀಲದಲ್ಲಿ ತನ್ನ ತಂಡದ ಐವತ್ತು ಬಿಲ್ಲೆ. ಎಲ್ಲ ತಂಡಗಳದ್ದೂ ಒಂದೊಂದು ಬೇಕು ಅನ್ನೋದು ಪ್ರತಿ ಹುಡುಗನ ಆಸೆ. ಆದರೆ ಒಂದಕ್ಕೆ ಒಂದು ಬದಲಾಯಿಸಿದರೆ ಐವತ್ತು ಕೊಟ್ಟವನಿಗೆ ಐವತ್ತೇ ಸಿಗೋದು. ಉಳಿದ ಐವತ್ತನ್ನು ಎಲ್ಲಿಂದ ತರೋದು?

ಇಲ್ಲೇ ಬುದ್ಧಿ ಓಡಬೇಕು. ಜಾಣ ಹುಡುಗ ಮೊದಲ ದಿನವೇ ಒಂದು ತಿರುಗುವ ಬಿಲ್ಲೆ ಸಂಪಾದಿಸುತ್ತಾನೆ. ಮಾರನೆಯ ದಿನ ಅದಕ್ಕೆ ಆಸೆಪಟ್ಟವನ ಹತ್ತಿರ ಹೋಗುತ್ತಾನೆ.

'ಅದು ಕೊಡ್ತೀಯಾ?'

'ನಿನ್ನ ಮೂರು ಕೊಡು.'

'ಮೂರು ಜಾಸ್ತಿ ಆಯ್ತು ಕಣೋ. ಎರಡು ತಗೋ.'

'ಎರಡು ಸರಿ, ಆದ್ರೆ ಮೊಸಳೆದೂ ಕರಡಿದೂ ಬೇಕು.'

ಭಾಷೆ ಇಂಗ್ಲಿಷು, ಧಾಟಿ ಮಾತ್ರ ನಮ್ಮ ತರಕಾರಿ ಮಾರ್ಕೆಟ್ಟಿನದೇ. ಒಂದು ಹೋಯಿತು, ಎರಡು ಬಂತು. ಹೀಗೆ ಐವತ್ತು ಅರವತ್ತಾಗುತ್ತದೆ, ಅರವತ್ತು ಎಪ್ಪತ್ತಾಗುತ್ತದೆ. ಹಾಗಾದರೆ ಎದುರಿನವನು ಮೋಸ ಹೋದನೇ? ಇಲ್ಲ. ಅವನ ಎಣಿಕೆ ಕಡಿಮೆಯಾಯಿತು, ಆದರೆ ಅವನು ಬಯಸಿದ್ದು ಅವನ ಕೊರಳಿನ ಪಟ್ಟಿಯಲ್ಲಿ ಮಿನುಗುತ್ತಿದೆ. ಒಟ್ಟು ಬಿಲ್ಲೆ ಅಷ್ಟೇ ಇದೆ, ಒಂದೂ ಹೆಚ್ಚಾಗಿಲ್ಲ. ಆದರೂ ಇಬ್ಬರೂ ಲಾಭ ಮಾಡಿಕೊಂಡೆವು ಅಂದುಕೊಂಡು ಮನೆಗೆ ಹೋಗುತ್ತಾರೆ. ಇದಲ್ಲವೇ ಒಳ್ಳೆಯ ವ್ಯಾಪಾರ?

ಇನ್ನೊಂದು ಸೂಕ್ಷ್ಮ. ಗೆಲ್ಲುತ್ತಾ ಹೋಗುವ ತಂಡದ ಬಿಲ್ಲೆಗೆ ಕೇಳುವವರು ಹೆಚ್ಚು. ದೂರದ ದೇಶದ ಬಿಲ್ಲೆಗೆ ಇನ್ನೂ ಹೆಚ್ಚು, ಯಾಕೆಂದರೆ ಆ ತಂಡ ನಾಳೆ ವಿಮಾನ ಹತ್ತಿದರೆ ಮತ್ತೆ ಸಿಗೋದಿಲ್ಲ. ನಮ್ಮಲ್ಲಿ ಬೆಳಗಿನ ಸೊಪ್ಪಿಗೆ ಒಂದು ಬೆಲೆ, ಸಂಜೆ ಸೊಪ್ಪಿಗೆ ಒಂದು ಬೆಲೆ ಇದ್ದ ಹಾಗೆ. ಕಾದು ಕೂತರೆ ಕೆಲವು ಏರುತ್ತವೆ, ಕೆಲವು ಬಾಡುತ್ತವೆ. ಕೊಡಲಾರೆ ಅಂತ ಎಲ್ಲವನ್ನೂ ಬಚ್ಚಿಟ್ಟ ಹುಡುಗ ಮಾತ್ರ ತನ್ನದೇ ತಂಡದ ಐವತ್ತು ಬಿಲ್ಲೆ ಹೊತ್ತುಕೊಂಡು ವಾಪಸ್ಸು ಹೋಗಬೇಕು. ಅವನ ಊರಿನಲ್ಲಿ ಅದನ್ನು ಕೇಳುವವರು ಯಾರು?

ಸಂತೆಯ ಮರ್ಯಾದೆ

ದುಡ್ಡಿಲ್ಲ ಅಂದ ಮಾತ್ರಕ್ಕೆ ಕಟ್ಟುಪಾಡಿಲ್ಲ ಅಂದುಕೊಳ್ಳಬೇಡಿ. ಬರೆದಿಟ್ಟದ್ದಕ್ಕಿಂತ ಬಾಯಿಮಾತಿನದೇ ಹೆಚ್ಚು. ಇನ್ನೊಬ್ಬನ ಟವಲ್ಲಿನ ಮೇಲಿನ ಬಿಲ್ಲೆಯನ್ನು ಕೇಳದೆ ಮುಟ್ಟಬಾರದು. ಇಬ್ಬರು ಮಾತಾಡುತ್ತಿರುವಾಗ ಮೂರನೆಯವನು ನಡುವೆ ಬಾಯಿ ಹಾಕಬಾರದು. 'ಇದು ಕೊಡೋದಿಲ್ಲ' ಅಂದಮೇಲೆ ಪೀಡಿಸಬಾರದು. ಸೂಜಿ ಮುರಿದದ್ದನ್ನೋ ಬಣ್ಣ ಎದ್ದದ್ದನ್ನೋ ಮುಚ್ಚಿಟ್ಟು ದಾಟಿಸಬಾರದು. ಕೈ ಕುಲುಕಿದಮೇಲೆ ಮಾತು ಮುಗಿಯಿತು, ಮತ್ತೆ ಬಂದು 'ವಾಪಸ್ ಕೊಡು' ಅನ್ನಬಾರದು. ನೆನಪಿನ ಸಾಮಾನಿನ ಅಂಗಡಿಯವನು ಬಿಲ್ಲೆ ಮಾರಬಹುದು, ಅದು ಅವನ ಕಸುಬು. ಟವಲ್ಲು ಹಾಸಿ ಬದಲಾವಣೆಗೆ ಕೂತವನು ದುಡ್ಡು ಕೇಳಿದರೆ ಮಾತ್ರ ಹಳಬರು ಮುಖ ತಿರುಗಿಸುತ್ತಾರೆ.

ಈ ಮಾತುಗಳನ್ನು ಜಾರಿ ಮಾಡಲು ಪೊಲೀಸರಿಲ್ಲ. ಮೋಸ ಮಾಡಿದ ಹುಡುಗನ ಸುದ್ದಿ ಊಟದ ಹೊತ್ತಿಗೆ ಎಲ್ಲರ ಕಿವಿ ಮುಟ್ಟುತ್ತದೆ. ಸಂಜೆ ಅವನ ಟವಲ್ಲಿನ ಮುಂದೆ ಯಾರೂ ನಿಲ್ಲುವುದಿಲ್ಲ. ಒಂದು ಸಲ ತೂಕದಲ್ಲಿ ಸಿಕ್ಕಿಬಿದ್ದ ಅಂಗಡಿಗೆ ನಮ್ಮ ಬೀದಿಯಲ್ಲಿ ಆಗುವ ಶಿಕ್ಷೆಯೂ ಇದೇ ತಾನೇ?

ದೊಡ್ಡವರು ಕೈ ಹಾಕಿದಾಗ

ಇಷ್ಟು ಚೆನ್ನಾಗಿರುವ ಕಡೆ ಹುಳುಕು ಬರದೆ ಇರುತ್ತದೆಯೇ? ಬಂದಿದೆ. ಅದು ಬಂದದ್ದು ದೊಡ್ಡವರ ಜೊತೆಯಲ್ಲಿ.

ಎಲ್ಲ ದೊಡ್ಡವರೂ ಕೆಟ್ಟವರು ಅಂತ ನಾನು ಹೇಳೋದಿಲ್ಲ. ಮೂವತ್ತು-ನಲವತ್ತು ವರ್ಷದಿಂದ ಬಿಲ್ಲೆ ಕೂಡಿಸುತ್ತಾ, ಹೊಸ ಹುಡುಗನ ಕೈಗೆ ಮೊದಲ ಬಿಲ್ಲೆ ಪುಕ್ಕಟೆ ಕೊಟ್ಟು ಆಟ ಕಲಿಸುವ ಅಜ್ಜಂದಿರು ಅಲ್ಲಿದ್ದಾರೆ. ಆದರೆ ಯಾವ ಬಿಲ್ಲೆ ಅಪರೂಪ, ಯಾವುದು ಮುಂದೆ ಏರುತ್ತದೆ ಅಂತ ಬಲ್ಲ ಐವತ್ತರ ಗಂಡಸು, ಏನೂ ತಿಳಿಯದ ಹತ್ತರ ಹುಡುಗನ ಮುಂದೆ ಕೂತಾಗ ತಕ್ಕಡಿ ನೇರ ನಿಲ್ಲುವುದು ಕಷ್ಟ. ಮಿನುಗುವ ಅಗ್ಗದ ಬಿಲ್ಲೆ ಆರು ಕೊಟ್ಟು, ಹುಡುಗನ ಹತ್ತಿರವಿದ್ದ ಒಂದೇ ಒಂದು ಹೊರದೇಶದ ಬಿಲ್ಲೆ ಎತ್ತಿಕೊಂಡು ಹೋಗುವುದು ಸುಲಭ. ಹುಡುಗ ಆರು ಬಂತು ಅಂತ ಕುಣಿಯುತ್ತಾನೆ. ದೊಡ್ಡವನು ಅದೇ ರಾತ್ರಿ ಇಂಟರ್ನೆಟ್ಟಿನಲ್ಲಿ ಮಾರಾಟಕ್ಕೆ ಇಡುತ್ತಾನೆ. ಹುಡುಗನಿಗೆ ಅದು ಗೊತ್ತಾದ ದಿನ ಏನನ್ನಿಸೀತು? ಹೋದ ಬಿಲ್ಲೆಗಿಂತ, ದೊಡ್ಡವರ ಮೇಲಿನ ನಂಬಿಕೆ ಹೋದದ್ದು ದೊಡ್ಡ ನಷ್ಟ.

ಹಾಗಾಗಿಯೇ ತಿಳಿದವರು 'ಮಕ್ಕಳು ಮಕ್ಕಳ ಜೊತೆ ಬದಲಾಯಿಸಲಿ' ಅನ್ನುತ್ತಾರೆ. ದೊಡ್ಡವರು ಕೂರಲೇಬೇಕೆಂದರೆ ತಕ್ಕಡಿಯನ್ನು ಮಗುವಿನ ಕಡೆಗೇ ಬಾಗಿಸಬೇಕು. ಹುಡುಗ ತಪ್ಪು ಲೆಕ್ಕ ಮಾಡಿದರೆ, 'ಮಗಾ, ಇದಕ್ಕೆ ಇನ್ನೊಂದು ಕೇಳು' ಅಂತ ಎದುರಿನವನೇ ಹೇಳಿಕೊಡಬೇಕು. ಆಟಗಾರ ಹುಡುಗರು ಪಂದ್ಯದ ದಿನಗಳಲ್ಲಿ ಉಳಿದುಕೊಳ್ಳುವ ಬಿಡಾರಕ್ಕೆ ಹೊರಗಿನವರಿಗೆ ಪ್ರವೇಶ ಇಲ್ಲ. ಬಿಲ್ಲೆಗಾಗಿಯೇ ಮಾಡಿದ ಏರ್ಪಾಡಲ್ಲ ಅದು, ಆದರೂ ಅಷ್ಟು ಹೊತ್ತಾದರೂ ಮಕ್ಕಳ ಸಂತೆ ಮಕ್ಕಳದ್ದಾಗಿಯೇ ಉಳಿಯುತ್ತದೆ.

ಇನ್ನೊಂದು ಪೀಡೆ ನಕಲಿಯದು. ಒಮ್ಮೆ ಅಚ್ಚು ಕೊರೆದಮೇಲೆ ಐನೂರರ ಜೊತೆ ಇನ್ನೂ ನಾನೂರು ಒತ್ತಿ ಹಿಂಬಾಗಿಲಿಂದ ಸಾಗಿಸಿದರೆ ತಡೆಯುವವರು ಯಾರು? 1999ರಲ್ಲಿ ಡಿಸ್ನಿ ಉದ್ಯಾನಗಳಲ್ಲಿ ಬಿಲ್ಲೆ ಬದಲಾವಣೆ ಶುರುವಾದಮೇಲೆ ಈ ಕಳ್ಳ ಸರಕು ಅಲ್ಲಿ ಎಷ್ಟು ಹಬ್ಬಿತು ಅಂದರೆ, ಅದಕ್ಕೆಂದೇ 'ಸ್ಕ್ರ್ಯಾಪರ್' ಅನ್ನುವ ಹೆಸರು ಹುಟ್ಟಿತು. ಬೇಸ್‌ಬಾಲಿನ ಹಳೆಯ ವರದಿಗಾರರ ಬಿಲ್ಲೆಗೂ ನಕಲು ಉಂಟು. ಗುರುತು ಹಿಡಿಯುವ ಬಗೆ ನಮ್ಮ ಹಳೇ ನಾಣ್ಯದವರಿಗೆ ಗೊತ್ತಿರುವಂಥದ್ದೇ. ಗೆರೆ ಮಸುಕಾಗಿದೆಯೇ ನೋಡು, ಬಣ್ಣ ಗೆರೆ ದಾಟಿದೆಯೇ ನೋಡು, ಹಿಂಭಾಗದ ಗುರುತು ಸ್ಪಷ್ಟವಿದೆಯೇ ನೋಡು, ತೂಕ ಹಗುರವೇ ನೋಡು. ಎಲ್ಲಕ್ಕಿಂತ ಹೆಚ್ಚಾಗಿ, ಕೊಡುವವನ ಮುಖ ನೋಡು.

ಮಾತು ಬಾರದಿದ್ದರೂ ವ್ಯಾಪಾರ

ಇಷ್ಟೆಲ್ಲ ಗೋಜಿದ್ದರೂ ಈ ಸಂತೆ ಯಾಕೆ ಉಳಿಯಬೇಕು? ಅದಕ್ಕೂ ಕಾರಣ ಇದೆ.

ಜಪಾನಿನ ಹುಡುಗನಿಗೆ ಇಂಗ್ಲಿಷ್ ಬಾರದು. ವೆನಿಜುವೆಲಾದವನಿಗೆ ಜಪಾನಿ ಬಾರದು. 1969ರಿಂದ 1996ರವರೆಗೆ ತೈವಾನಿನ ತಂಡಗಳು 17 ಸಲ ಈ ಕಪ್ಪು ಗೆದ್ದವು. ಸೋತ ಊರಿನ ಹುಡುಗರಿಗೆ ಅವರ ಹೆಸರು ಉಚ್ಚರಿಸುವುದೂ ಕಷ್ಟ. ಇಂಥವರು ಎದುರಾದಾಗ ಏನು ಮಾತಾಡಬೇಕು? ಬಿಲ್ಲೆ ಇದ್ದರೆ ಮಾತು ಬೇಡ. ಒಂದು ತೋರಿಸಿದರೆ ಸಾಕು, ಇನ್ನೊಂದು ತೋರಿಸುತ್ತಾನೆ. ತಲೆ ಅಲ್ಲಾಡಿದರೆ ಇಲ್ಲ, ನಕ್ಕರೆ ಹೂಂ. ಮೈದಾನದಲ್ಲಿ ಎದುರಾಳಿಗಳಾಗಿದ್ದವರು ಹೊರಗೆ ಬಂದ ಅರ್ಧ ಗಂಟೆಯಲ್ಲಿ ಒಬ್ಬರ ಬಿಲ್ಲೆ ಒಬ್ಬರ ಟೋಪಿಯಲ್ಲಿ!

2011ರಲ್ಲಿ ಆಫ್ರಿಕದ ಉಗಾಂಡ ದೇಶದ ಹುಡುಗರು ಮೊದಲ ಸಲ ಈ ಪಂದ್ಯಾವಳಿಗೆ ಅರ್ಹತೆ ಪಡೆದರು. ಆದರೆ ವಯಸ್ಸಿನ ದಾಖಲೆಗಳು ತಾಳೆಯಾಗಲಿಲ್ಲ ಅಂತ ವೀಸಾ ಸಿಗಲಿಲ್ಲ. ಅವರ ಜೊತೆ ಆಡಬೇಕಾಗಿದ್ದ ಕೆನಡಾದ ಲ್ಯಾಂಗ್ಲಿ ಊರಿನ ಹುಡುಗರಿಗೆ ಮನಸ್ಸು ತಡೆಯಲಿಲ್ಲ. 2012ರ ಜನವರಿಯಲ್ಲಿ ತಾವೇ ಉಗಾಂಡಕ್ಕೆ ಹೋಗಿ ತಪ್ಪಿದ ಪಂದ್ಯ ಆಡಿ ಬಂದರು. ಅದೇ ವರ್ಷದ ಆಗಸ್ಟಿನಲ್ಲಿ ಉಗಾಂಡದ ಲುಗಾಜಿ ತಂಡ ಸೌತ್ ವಿಲಿಯಮ್ಸ್‌ಪೋರ್ಟಿಗೆ ಬಂತು, ಅಮೆರಿಕದ ಆರೆಗಾನ್ ರಾಜ್ಯದ ತಂಡವನ್ನು 3-2ರಲ್ಲಿ ಸೋಲಿಸಿತು. ಕಾಗದದ ಕೆಲಸ ದೊಡ್ಡವರದು. ಆಡಬೇಕು, ಕೊಟ್ಟು ತೆಗೆದುಕೊಳ್ಳಬೇಕು ಅನ್ನುವ ಹಟ ಹುಡುಗರದು.

ಕೊನೆಗೆ ಒಂದು ಮಾತು

ನಮ್ಮ ಜಿಲ್ಲೆಯ ಎಷ್ಟೋ ಅಪ್ಪ-ಅಮ್ಮಂದಿರು ಬೇಸಿಗೆ ಬಂತೆಂದರೆ ಮಗನ ಮನೆ, ಮಗಳ ಮನೆ ಅಂತ ಅಮೆರಿಕದ ವಿಮಾನ ಹತ್ತುತ್ತಾರೆ. ಚಟ್ನಿಪುಡಿ, ಹಪ್ಪಳ ಕಟ್ಟಿಕೊಂಡು ಹೋಗುವ ತಾತ-ಅಜ್ಜಿಯರೇ, ಅಲ್ಲಿ ನಿಮ್ಮ ಮೊಮ್ಮಗ ಕೊರಳಿಗೆ ಬಿಲ್ಲೆಯ ಪಟ್ಟಿ ಹಾಕಿಕೊಂಡು ಎದುರಿಗೆ ಬಂದು ನಿಂತರೆ ಆಶ್ಚರ್ಯಪಡಬೇಡಿ. 'ಇದಕ್ಕೆಲ್ಲ ಎಷ್ಟು ಸುರಿದ್ರಪ್ಪ?' ಅಂತ ಮಗನನ್ನೂ ಗದರಬೇಡಿ. ಮೊಮ್ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದಾಗಿ ಕೇಳಿ: 'ಇದು ಯಾರ ಹತ್ತಿರ ತಗೊಂಡೆ ಪುಟ್ಟ? ಬದಲಿಗೆ ಏನು ಕೊಟ್ಟೆ?' ಆ ಹುಡುಗನ ಬಾಯಿ ರಾತ್ರಿ ಊಟದವರೆಗೂ ಮುಚ್ಚುವುದಿಲ್ಲ, ನೋಡ್ತಾ ಇರಿ.

ನಮ್ಮ ಅಂಗಡಿಯವರಿಗೂ ಒಂದು ಮಾತು. ಗಲ್ಲಾಪೆಟ್ಟಿಗೆ ಇಲ್ಲದ ಆ ಸಂತೆಯಲ್ಲಿ ಹತ್ತು ವರ್ಷದ ಪೋರರು ಕಲಿಯುತ್ತಿರುವುದು ಇಷ್ಟೇ: ಎದುರಿನವನೂ ನಗುತ್ತಾ ಹೋಗಬೇಕು, ನಾಳೆ ಮತ್ತೆ ಬರಬೇಕು. ಇದನ್ನು ಕಲಿಯದೆ ಇಡೀ ಆಯುಷ್ಯ ತಕ್ಕಡಿ ಹಿಡಿದವರು ನಮ್ಮ ಪೇಟೆ ಬೀದಿಯಲ್ಲೇ ಇದ್ದಾರೆ. ಹೆಸರು ಹೇಳೋದಿಲ್ಲ, ಅವರ ಗಿರಾಕಿಗಳಿಗೆ ಗೊತ್ತು.

ಬಸ್ಸು ಬಂತು, ಹತ್ತಿ.